ಇದ್ದೂ ಸಿಗದ ಪುಸ್ತಕ

ಗ್ರಂಥಾಲಯದ ಗಣಕಯಂತ್ರವು ಆಡುವ ಮಾತುಗಳಲ್ಲಿ ಸುಲಭವಾಗಿ ನಂಬಬಾರದ ಮಾತೊಂದುಂಟು. ‘ಯಾವ ಪುಸ್ತಕವೂ ದೊರೆಯಲಿಲ್ಲ’ ಎಂಬುದೇ ಅದು. ಯಂತ್ರವು ಸುಳ್ಳು ಹೇಳುತ್ತದೆಂದು ಇದರ ಅರ್ಥವಲ್ಲ. ಬೆರಳಚ್ಚಿಸಿದ ಅಕ್ಷರಗಳ ಸಾಲು ತನ್ನ ಗ್ರಂಥಸೂಚಿಯಲ್ಲಿ ಎಲ್ಲಿಯೂ ಇಲ್ಲವೆಂದಷ್ಟೇ ಅದು ತಿಳಿಸುತ್ತದೆ. ಕೇಳಿದವರಾದರೋ ಅಂಥ ಪುಸ್ತಕವೇ ಲೋಕದಲ್ಲಿಲ್ಲವೆಂದು ತಿಳಿದು ಎದ್ದು ಹೋಗುತ್ತಾರೆ. ಪುಸ್ತಕವು ಹತ್ತು ಮಾರು ದೂರದ ಬೀರುವಿನಲ್ಲಿಯೇ ಕುಳಿತಿದ್ದರೂ ಇರಬಹುದು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ವಾಚಕರಿಗೆ ಈ ತೊಡಕು ಇತರರಿಗಿಂತ ಒಂದು ಕೈ ಹೆಚ್ಚೆಂದೇ ಹೇಳಬೇಕು. ಆ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಸೀಮೆಯ ಇತಿಹಾಸವನ್ನು ಕುರಿತು ಪ್ರಬಂಧ ಬರೆಯಲು ಹೊರಟಳೆಂದು ಇಟ್ಟುಕೊಳ್ಳೋಣ. ಮೊಬೈಲಿನಲ್ಲಿಯೇ ದೊಡ್ಡ ಗ್ರಂಥಾಲಯವೊಂದರ ಸೂಚಿಯನ್ನು ತೆರೆದು ‘ಕುಂದಾಪುರ’ ಎಂದು ಬರೆಯುತ್ತಾಳೆ. ನಾಲ್ಕೈದು ಪುಸ್ತಕಗಳು ಕಾಣುತ್ತವೆ. ಅವುಗಳಲ್ಲಿ ಎರಡು ಸ್ಮರಣ ಸಂಚಿಕೆಗಳು. ‘ಬೈಂದೂರು’ ಎಂದರೆ ಅಷ್ಟೂ ಇಲ್ಲ. ‘ಈ ಪ್ರದೇಶದ ಬಗ್ಗೆ ಹಿಂದೆ ಯಾರೂ ಹೆಚ್ಚಾಗಿ ಬರೆದಿಲ್ಲ’ ಎಂಬ ವಾಕ್ಯವು ಪ್ರಬಂಧದ ಮೊದಲ ಪುಟದಲ್ಲಿಯೇ ಬಂದು ಕೂರುತ್ತದೆ. ಮುಂದಿನ ವರ್ಷದ ವಿದ್ಯಾರ್ಥಿ ಅದನ್ನೇ ನಂಬಿ ತನ್ನ ಪ್ರಬಂಧಕ್ಕೆ ಎತ್ತಿಕೊಳ್ಳುತ್ತಾನೆ. ಬರೆದು ಹೋದವರ ಶ್ರಮವೆಲ್ಲ ಹೀಗೆ, ಒಂದು ಅಕ್ಷರದ ಹೊಂದಾಣಿಕೆ ತಪ್ಪಿದ್ದಕ್ಕಾಗಿ, ಲೆಕ್ಕದಿಂದ ಅಳಿಸಿಹೋಗುತ್ತದೆ.

ಆ ಸೀಮೆಗೆ ಹೆಸರುಗಳೆಷ್ಟೆಂಬುದನ್ನು ಒಮ್ಮೆ ನೋಡಬೇಕು. ಉಡುಪಿ ಜಿಲ್ಲೆ ಹುಟ್ಟಿದುದು ೧೯೯೭ರಲ್ಲಿ. ಬೈಂದೂರು, ಬ್ರಹ್ಮಾವರಗಳು ಬೇರೆ ತಾಲೂಕುಗಳಾದುದು ಇನ್ನೂ ಈಚೆಗೆ, ೨೦೧೮ರ ಸುಮಾರಿಗೆ. ಅದಕ್ಕೆ ಮೊದಲು ಬೈಂದೂರು ಕುಂದಾಪುರ ತಾಲೂಕಿನಲ್ಲಿಯೂ, ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿಯೂ ಇದ್ದುವು. ಜಿಲ್ಲೆ ದಕ್ಷಿಣ ಕನ್ನಡವಾಗಿತ್ತು. ಇಂಗ್ಲಿಷರ ಬಾಯಲ್ಲಿ ಸೌತ್ ಕೆನರಾ. ೧೯೫೬ರ ನವೆಂಬರ್ ಒಂದರವರೆಗೆ ಅದು ಮದರಾಸಿನ ಆಡಳಿತಕ್ಕೆ ಸೇರಿತ್ತು. ಉತ್ತರ ಕನ್ನಡ ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗುವ ಮುನ್ನ ಇಡೀ ಕರಾವಳಿಯೇ ‘ಕೆನರಾ’ ಆಗಿತ್ತು. ಸ್ಟರಕ್ ಸಾಹೇಬರು ಬರೆದ, ೧೮೯೪ರಲ್ಲಿ ಮದರಾಸಿನ ಸರಕಾರಿ ಅಚ್ಚುಕೂಟದಿಂದ ಹೊರಬಂದ ಸೌತ್ ಕೆನರಾ ಜಿಲ್ಲಾ ಕೈಪಿಡಿಯಲ್ಲಿ ಈ ಸೀಮೆಯ ಭೂಮಿ, ಬೆಳೆ, ಜಾತಿ, ಕಂದಾಯಗಳ ವಿವರವುಂಟು. ಅದರ ಶೀರ್ಷಿಕೆಯಲ್ಲಿ ಕುಂದಾಪುರವೂ ಇಲ್ಲ, ಉಡುಪಿಯೂ ಇಲ್ಲ. ಫ್ರಾನ್ಸಿಸ್ ಬುಕಾನನ್ ೧೮೦೧ರಲ್ಲಿ ಈ ಕರಾವಳಿಯನ್ನು ಹಾದು ಹೋಗಿ ಬರೆದ ಪ್ರವಾಸಕಥನ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಹೆಸರಿನಲ್ಲಿರುವುದು ಮೈಸೂರು, ಕೆನರಾ ಮತ್ತು ಮಲಬಾರ್. ಊರಿನ ಹೆಸರು ಹಿಡಿದು ಹುಡುಕಿದವರಿಗೆ ಈ ಎರಡೂ ಸಿಗುವುದಿಲ್ಲ. ಆಗಿನ ಜಿಲ್ಲೆಯ, ಆಗಿನ ಪ್ರಾಂತದ ಹೆಸರು ಹಿಡಿದವರಿಗೆ ಎರಡೂ ಸಿಗುತ್ತವೆ.

ಇದಕ್ಕೆ ಕಾಗುಣಿತದ ಗೊಂದಲ ಬೇರೆ. ಇಂಗ್ಲಿಷರು ಕುಂದಾಪುರವನ್ನು ‘ಸಿ’ ಅಕ್ಷರದಿಂದ ಆರಂಭಿಸಿ, ಮೊದಲಿಗೆರಡು ಕೊನೆಗೆರಡು ‘ಓ’ಗಳನ್ನು ಕೂಡಿಸಿ ಬರೆಯುತ್ತಿದ್ದರು. ಈಗಿನವರು ‘ಕೆ’ ಮತ್ತು ‘ಯು’ ಬಳಸುತ್ತಾರೆ. ಕೊನೆಯ ‘ಎ’ ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಬೈಂದೂರಿಗೆ ಒಬ್ಬರು ‘ವೈ’ ಹಾಕಿದರೆ ಇನ್ನೊಬ್ಬರು ‘ಎ’, ‘ಐ’ ಹಾಕುತ್ತಾರೆ. ಬ್ರಹ್ಮಾವರದ ‘ವ’ ಒಂದೆಡೆ ‘ವಿ’, ಮತ್ತೊಂದೆಡೆ ‘ಡಬಲ್ಯು’. ಕೆನರಾ ಎಂಬುದಂತೂ ‘ಸಿ’ಯಿಂದಲೂ ‘ಕೆ’ಯಿಂದಲೂ ಉಂಟು. ಕುಂದಾಪುರದ ನೆರೆಯ ಬಸರೂರಿನ ಪಾಡು ಇವೆಲ್ಲಕ್ಕಿಂತ ವಿಚಿತ್ರ. ಪೋರ್ತುಗೀಜರ ಕಾಲದ ಬರಹಗಳಲ್ಲಿ ಅದು ಬಾರ್ಸೆಲೋರ್. ೧೬೨೩ರಲ್ಲಿ ಈ ಕಡೆ ಬಂದಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಬರೆದುದೂ ಆ ಹೆಸರನ್ನೇ. ೧೬೬೫ರಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಸೂರೆಮಾಡಿದ ಸಂಗತಿಯನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಓದಬೇಕಾದರೂ ಈ ಪರಕೀಯ ಹೆಸರಿನ ಪರಿಚಯ ಬೇಕು. ಮನೆಯವರು ಕರೆಯುವ ಹೆಸರೊಂದು, ಶಾಲೆಯ ದಾಖಲೆಯ ಹೆಸರಿನ್ನೊಂದು ಇರುವ ಮಗುವನ್ನು ಹುಡುಕುವಂತೆ ಆಗುತ್ತದೆ ಇದು.

ಆದುದರಿಂದ ಹುಡುಕುವ ಮೊದಲು ಎರಡು ನಿಮಿಷ ಒಂದು ಹಾಳೆಯ ಮೇಲೆ ಹೆಸರುಗಳನ್ನೆಲ್ಲ ಬರೆದುಕೊಳ್ಳುವುದು ಜಾಣತನ. ಬಹುಮಂದಿ ಇದನ್ನು ಮಾಡುವುದಿಲ್ಲ. ಯಂತ್ರಕ್ಕೆ ಎಲ್ಲ ತಿಳಿದಿದೆಯೆಂಬ ಭ್ರಮೆ ಅಷ್ಟು ಬಲವಾಗಿದೆ. ಅಂಗಡಿಗಳ ಜಾಲತಾಣಗಳೂ ಸುದ್ದಿ ಹುಡುಕುವ ಯಂತ್ರಗಳೂ ಕೇಳಿದವರ ತಪ್ಪನ್ನು ತಾವೇ ತಿದ್ದಿಕೊಂಡು, ಮನಸ್ಸಿನಲ್ಲಿದ್ದುದನ್ನು ಊಹಿಸಿ ಕೊಟ್ಟು ಈ ಭ್ರಮೆಯನ್ನು ಬೆಳೆಸಿವೆ. ಗ್ರಂಥಸೂಚಿಯ ಜಾತಿಯೇ ಬೇರೆ. ಅದರ ಹಿರಿಯರು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ರಟ್ಟಿನ ಕಾರ್ಡುಗಳು. ಕರ್ತೃವಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು. ಜಗತ್ತಿನ ಗ್ರಂಥಾಲಯಗಳಿಗೆ ಕಾರ್ಡು ಅಚ್ಚುಮಾಡಿ ಕಳುಹಿಸುತ್ತಿದ್ದ ಅಮೆರಿಕದ ಒ.ಸಿ.ಎಲ್.ಸಿ. ಸಂಸ್ಥೆ ತನ್ನ ಕೊನೆಯ ಕಾರ್ಡುಗಳನ್ನು ಅಚ್ಚುಮಾಡಿದುದು ೨೦೧೫ರ ಅಕ್ಟೋಬರ್ ಒಂದರಂದು. ಕಾರ್ಡು ಹೋಯಿತು, ಕಾರ್ಡಿನ ಮೇಲೆ ಬರೆಯುತ್ತಿದ್ದ ಕ್ರಮ ಹೋಗಲಿಲ್ಲ. ಪುಸ್ತಕದ ಒಳಗಿನ ಮಾತುಗಳನ್ನು ಸಾಮಾನ್ಯವಾಗಿ ಸೂಚಿಯು ಅರಿಯದು. ಹತ್ತಿಪ್ಪತ್ತು ಸಾಲುಗಳ ಒಂದು ನಮೂದು ಮಾತ್ರ ಅದಕ್ಕೆ ಗೊತ್ತು. ಆ ನಮೂದನ್ನು ಬರೆದ ವ್ಯಕ್ತಿ ಯಾವ ಮಾತನ್ನು ಬಳಸಿರಬಹುದೆಂದು ಊಹಿಸುವುದರಲ್ಲಿದೆ ಹುಡುಕುವವರ ಚಾತುರ್ಯವೆಲ್ಲ.

ಕನ್ನಡ ಪುಸ್ತಕಗಳ ಮಟ್ಟಿಗೆ ಈ ಊಹೆಗೊಂದು ಕೀಲಿಕೈ ಉಂಟು. ಪಾಶ್ಚಾತ್ಯ ದೇಶಗಳ ದೊಡ್ಡ ಗ್ರಂಥಾಲಯಗಳು ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಗೆ ಇಳಿಸುವಾಗ ಒಂದು ಕಟ್ಟುನಿಟ್ಟಾದ ಪದ್ಧತಿಯನ್ನು ಅನುಸರಿಸುತ್ತವೆ. ಅದರಲ್ಲಿ ‘ಚ’ ಎಂದರೆ ಬರಿಯ ‘ಸಿ’. ‘ಎಚ್’ ಸೇರಿದರೆ ಅದು ‘ಛ’ ಆಗುತ್ತದೆ. ‘ಶ’ ಮತ್ತು ‘ಷ’ ಎರಡೂ ಚುಕ್ಕೆ ಗೆರೆಗಳ ಗುರುತುಳ್ಳ ‘ಎಸ್’. ಗುರುತುಗಳನ್ನು ಬಿಟ್ಟು ಬೆರಳಚ್ಚಿಸಿದರೂ ಯಂತ್ರಗಳು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತವೆ; ‘ಎಚ್’ ಸೇರಿಸಿದರೆ ಮಾತ್ರ ದಾರಿ ತಪ್ಪುತ್ತವೆ. ‘ಚೋಮನ ದುಡಿ’ಯನ್ನು ನಮ್ಮವರೆಲ್ಲ ಬರೆಯುವಂತೆ ‘ಸಿ, ಎಚ್’ ಎಂದು ಆರಂಭಿಸಿದರೆ ೧೯೩೩ರ ಆ ಪ್ರಸಿದ್ಧ ಕಾದಂಬರಿಯ ಮೂಲ ಕನ್ನಡ ಪ್ರತಿ ಅಂಥ ಸೂಚಿಯಲ್ಲಿ ಅಡಗಿಯೇ ಉಳಿಯಬಹುದು. ಒಂದು ‘ಎಚ್’ ಅನ್ನು ಅಳಿಸಿದೊಡನೆ ಎದುರಿಗೆ ಬಂದು ನಿಲ್ಲುತ್ತದೆ. ಯಕ್ಷಗಾನ, ಶಿವರಾಮ, ಶೆಟ್ಟಿ ಎಲ್ಲಕ್ಕೂ ಇದೇ ನ್ಯಾಯ. ನಮ್ಮ ದೇಶದ ಕಾಲೇಜುಗಳ ಸೂಚಿಗಳಲ್ಲಾದರೋ ಬರೆದವರು ತಮಗೆ ತೋಚಿದ ಕಾಗುಣಿತ ಬಳಸಿರುವುದೇ ಹೆಚ್ಚು; ಅಲ್ಲಿ ‘ಎಚ್’ ಸಹಿತವಾಗಿಯೂ ರಹಿತವಾಗಿಯೂ ನೋಡಬೇಕು.

ಕನ್ನಡ ಲಿಪಿಯಲ್ಲಿಯೇ ಹುಡುಕಬಾರದೇ ಎಂದು ವಾಚಕರು ಕೇಳಬಹುದು. ಅವಶ್ಯವಾಗಿ ಹುಡುಕಬೇಕು, ಆದರೆ ಅಷ್ಟಕ್ಕೇ ನಿಲ್ಲಬಾರದು. ಹಳೆಯ ನಮೂದುಗಳಲ್ಲಿ ಎಷ್ಟೋ ರೋಮನ್ ಲಿಪಿಯಲ್ಲಿ ಮಾತ್ರ ಇವೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೆಯ ಅಕ್ಷರಶೈಲಿಗಳಲ್ಲಿ ತುಂಬಿಸಿದ ಕನ್ನಡವು ಇಂದು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದೂ ಉಂಟು. ಅಂಥ ಪುಸ್ತಕವನ್ನು ಕನ್ನಡದಲ್ಲಿ ಎಷ್ಟು ಕೂಗಿದರೂ ಅದು ಓಗೊಡುವುದಿಲ್ಲ.

ಕರ್ತೃಗಳ ಹೆಸರಿನ ತೊಡಕು ಊರ ಹೆಸರಿನದಕ್ಕಿಂತ ಕಡಿಮೆಯೇನೂ ಅಲ್ಲ. ಕೋಟ ಶಿವರಾಮ ಕಾರಂತರು ೧೯೦೨ರಲ್ಲಿ ಈಗಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದವರು. ಅವರ ಹೆಸರಿನ ಮೂರು ಭಾಗಗಳಲ್ಲಿ ಯಾವುದನ್ನು ಮೊದಲಿಡಬೇಕು? ಕುಲನಾಮವೇ ಮೊದಲೆಂದು ಒಬ್ಬರು ಕಾರಂತ ಎನ್ನುತ್ತಾರೆ. ಇನ್ನೊಬ್ಬರು ಶಿವರಾಮ ಎಂದೂ ಮತ್ತೊಬ್ಬರು ಕೆ. ಶಿವರಾಮ ಎಂದೂ ಆರಂಭಿಸುತ್ತಾರೆ. ‘ಕೋಟ’ ಎಂಬ ಒಂದೇ ಮಾತನ್ನು ರೋಮನ್ ಲಿಪಿಯಲ್ಲಿ ಕೊಟ್ಟರೆ ರಾಜಸ್ಥಾನದ ಕೋಟಾ ನಗರ ಎದುರಾಗುತ್ತದೆ. ಜಗತ್ತಿನ ಗ್ರಂಥಾಲಯಗಳನ್ನೆಲ್ಲ ಒಟ್ಟುಗೂಡಿಸಿದ ವರ್ಲ್ಡ್‌ಕ್ಯಾಟಿನಂಥ ಸೂಚಿಯಲ್ಲಿ ಇಂಡೋನೇಷ್ಯದ ಪುಸ್ತಕಗಳ ರಾಶಿಯೇ ಬಂದು ಬೀಳುತ್ತದೆ, ಏಕೆಂದರೆ ಅಲ್ಲಿನ ಭಾಷೆಯಲ್ಲಿ ‘ಕೋತ’ ಎಂದರೆ ಪಟ್ಟಣ!

ಬೈಂದೂರು ಕಡೆಯ ಮೊಗೇರಿಯಲ್ಲಿ ೧೯೧೮ರಲ್ಲಿ ಹುಟ್ಟಿದ ಕವಿ ಗೋಪಾಲಕೃಷ್ಣ ಅಡಿಗರ ಪಾಡು ಇನ್ನೂ ಸ್ವಾರಸ್ಯವಾದುದು. ಅನೇಕ ಸೂಚಿಗಳಲ್ಲಿ ಒಂದು ಪದದ ಆರಂಭವನ್ನಷ್ಟೇ ಬರೆದು ಕೊನೆಗೆ ನಕ್ಷತ್ರದ ಗುರುತನ್ನಿಟ್ಟರೆ, ಆ ಆರಂಭವುಳ್ಳ ಪದಗಳೆಲ್ಲ ದೊರೆಯುತ್ತವೆ. ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಳ್ಳುವ ಕನ್ನಡಕ್ಕೆ ಇಂಗ್ಲಿಷಿಗಿಂತ ಈ ಉಪಾಯ ಹತ್ತು ಪಾಲು ಹೆಚ್ಚು ಉಪಯುಕ್ತ. ‘ಮಣ್ಣ’ ಎಂದು ಬರೆದು ನಕ್ಷತ್ರವಿಟ್ಟರೆ ಮಣ್ಣು, ಮಣ್ಣಿನ, ಮಣ್ಣಿಗೆ ಮೂರೂ ಒಟ್ಟಿಗೆ ಬರುತ್ತವೆ. ‘ಕುಂದಾಪುರ’ದ ಕೊನೆಗಿಟ್ಟರೆ ಕುಂದಾಪುರದ, ಕುಂದಾಪುರದಲ್ಲಿ ಇತ್ಯಾದಿಗಳೂ ಕಾಣುತ್ತವೆ. ಆದರೆ ‘ಅಡಿಗ’ ಎಂಬಲ್ಲಿ ನಕ್ಷತ್ರವಿಟ್ಟು ಕವನಸಂಕಲನ ಹುಡುಕಿದವರಿಗೆ ಅಡಿಗೆಯ ಪುಸ್ತಕಗಳು ಧಾರಾಳವಾಗಿ ಸಿಕ್ಕಿಯಾವು. ‘ಭೂಮಿಗೀತ’ದ ಪಕ್ಕದಲ್ಲಿಯೇ ಉಪ್ಪಿನಕಾಯಿ. ‘ಮರ’ವನ್ನು ಹೀಗೆ ಹುಡುಕಿದರೆ ಮರಣವೂ ಮರಾಠಿಯೂ ಜತೆಗೆ ಬರುತ್ತವೆ. ಪದವನ್ನು ಎಲ್ಲಿ ಕತ್ತರಿಸಬೇಕೆಂಬುದಕ್ಕೆ ವಿವೇಚನೆ ಬೇಕು.

ಕುಂದಾಪುರದವರೇ ಆದ ವೈದೇಹಿಯವರನ್ನು ನೋಡಿರಿ. ಅದು ಕಾವ್ಯನಾಮ, ಜಾನಕಿ ಶ್ರೀನಿವಾಸಮೂರ್ತಿ ಎಂಬುದು ಹೆಸರು. ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ ೨೦೦೯ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸೂಚಿಯ ಮೊದಲ ಪುಟದ ಒಂದೇ ಉದ್ದನೆಯ ಚೌಕದಲ್ಲಿ ‘ವೈದೇಹಿ’ ಎಂದು ಬರೆದರೆ ಸೀತೆಯನ್ನು ಕುರಿತ ನಾಟಕ, ಪುರಾಣ, ಹರಿಕಥೆಗಳ ನಡುವೆ ಲೇಖಕಿ ಕಳೆದುಹೋಗುತ್ತಾರೆ. ‘ವಿಸ್ತೃತ ಹುಡುಕು’ ಎಂಬ ಸಣ್ಣಕ್ಷರದ ಕೊಂಡಿಯನ್ನು ಒತ್ತಿ, ಕರ್ತೃ ಎಂಬ ಚೌಕದಲ್ಲಿ ಅದೇ ಹೆಸರನ್ನು ಬರೆದರೆ ಸೀತಾದೇವಿಯರೆಲ್ಲ ಹಿಂದೆ ಸರಿದು ಲೇಖಕಿಯೊಬ್ಬರೇ ಉಳಿಯುತ್ತಾರೆ. ಆ ಸಣ್ಣಕ್ಷರದ ಕೊಂಡಿಯನ್ನು ಇಷ್ಟು ಮೂಲೆಯಲ್ಲಿ ಇಡುವುದೇಕೋ ತಿಳಿಯದು. ಸೂಚಿಯ ನಿಜವಾದ ಬಾಗಿಲು ಅದೇ.

ಉದ್ದವಾಗಿ ಕೇಳಿದರೆ ಹೆಚ್ಚು ಸಿಗುತ್ತದೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸಂತೆಯಿಂದ ತೆಂಗಿನಕಾಯಿ ಮತ್ತು ಬೆಲ್ಲ ತನ್ನಿರೆಂದರೆ ಚೀಲ ತುಂಬುತ್ತದೆ. ಗ್ರಂಥಸೂಚಿಯಲ್ಲಿ ‘ಮತ್ತು’ ಎಂದರೆ ಚೀಲ ಬರಿದಾಗುತ್ತ ಹೋಗುತ್ತದೆ, ಏಕೆಂದರೆ ಎರಡು ಮಾತುಗಳೂ ಒಂದೇ ನಮೂದಿನಲ್ಲಿರುವ ಪುಸ್ತಕಗಳನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲ್ ೧೮೫೪ರಲ್ಲಿ ಪ್ರಕಟಿಸಿದ ತರ್ಕಗಣಿತದ ಫಲ ಇದು. ಬಹುತೇಕ ಸೂಚಿಗಳು ಪಕ್ಕಪಕ್ಕದ ಪದಗಳ ನಡುವೆ ಈ ‘ಮತ್ತು’ವನ್ನು ತಾವೇ ಸೇರಿಸಿಕೊಳ್ಳುತ್ತವೆ. ‘ಕುಂದಾಪುರ ತಾಲೂಕಿನ ಬಡಗುತಿಟ್ಟು ಯಕ್ಷಗಾನದ ಇತಿಹಾಸ’ ಎಂದು ಪ್ರಬಂಧದ ಶೀರ್ಷಿಕೆಯನ್ನೇ ಇಡಿಯಾಗಿ ಕೊಟ್ಟರೆ ಶೂನ್ಯ ಸಿಗುವುದು ಇದಕ್ಕಾಗಿಯೇ. ‘ಯಕ್ಷಗಾನ’ ಎಂದು ಒಂದೇ ಮಾತಿನಿಂದ ಹೊರಟು, ಬಂದ ಪಟ್ಟಿ ತೀರ ದೊಡ್ಡದಾದರೆ ಮಾತ್ರ ಎರಡನೆಯದನ್ನು ಸೇರಿಸಬೇಕು. ‘ಅಥವಾ’ ಎಂಬುದಕ್ಕೆ ಚೀಲ ತುಂಬಿಸುವ ಗುಣವುಂಟು. ಮೇಲೆ ಹೇಳಿದ ಊರ ಹೆಸರುಗಳ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲಿ. ಬಹಳ ಕಡೆ ಈ ಜೋಡಣೆಯ ಪದಗಳನ್ನು ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ ಬರೆಯಬೇಕಾಗುತ್ತದೆ. ‘ಇದು ಬೇಡ’ ಎಂದು ತಳ್ಳಿಹಾಕುವ ಮೂರನೆಯ ಸೌಕರ್ಯವೂ ಇದೆ. ಅದನ್ನು ಎಷ್ಟು ಕಡಿಮೆ ಬಳಸಿದರೆ ಅಷ್ಟು ಒಳ್ಳೆಯದು. ಬೇಡವಾದುದರೊಡನೆ ಬೇಕಾದುದೂ ಕಣ್ಮರೆಯಾಗುತ್ತದೆ.

ಇಷ್ಟೆಲ್ಲ ಮಾಡಿ ಒಂದೇ ಒಂದು ಒಳ್ಳೆಯ ಪುಸ್ತಕ ಸಿಕ್ಕಿತೆನ್ನಿ, ಅರ್ಧ ಕೆಲಸ ಆಯಿತೆಂದೇ ತಿಳಿಯಬಹುದು. ಕಾರಂತರ ‘ಯಕ್ಷಗಾನ ಬಯಲಾಟ’ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥ. ಅದು ಕಂಡೊಡನೆ ಪುಸ್ತಕ ಯಾವ ಬೀರುವಿನಲ್ಲಿದೆಯೆಂದು ಓಡಬಾರದು. ನಮೂದನ್ನು ಪೂರ್ತಿಯಾಗಿ ತೆರೆದು ‘ವಿಷಯ’ ಎಂಬ ಸಾಲನ್ನು ಓದಬೇಕು. ಈ ವಿಷಯಕ್ಕೆ ಗ್ರಂಥಪಾಲಕರು ಯಾವ ಮಾತನ್ನು ಗೊತ್ತುಮಾಡಿಕೊಂಡಿದ್ದಾರೆಂಬ ಗುಟ್ಟು ಅಲ್ಲಿದೆ. ಆ ಸಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಅದೇ ಶಿರೋನಾಮೆಯ ಉಳಿದ ಪುಸ್ತಕಗಳೆಲ್ಲ, ಅವುಗಳ ಹೆಸರು ಏನೇ ಇರಲಿ, ಯಾವ ಭಾಷೆಯವೇ ಆಗಲಿ, ಸಾಲಾಗಿ ಬರುತ್ತವೆ. ಊಹೆಯಿಂದ ಹತ್ತು ಸಲ ಹುಡುಕುವುದಕ್ಕಿಂತ ಇದೊಂದು ಸಲದ ಲಾಭ ಹೆಚ್ಚು. ಬಳಿಕ ಪುಸ್ತಕದ ಬೆನ್ನಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ೮೯೪.೮೧೪, ರಂಗಭೂಮಿಗೆ ೭೯೨. ಯಕ್ಷಗಾನದ ಪ್ರಸಂಗಗಳು ಸಾಹಿತ್ಯದ ಕಪಾಟಿನಲ್ಲಿಯೂ, ಆಟವನ್ನು ಕುರಿತ ವಿಮರ್ಶೆ ಇನ್ನೊಂದು ಮೂಲೆಯಲ್ಲಿಯೂ ಇರುವುದು ಇದರಿಂದಾಗಿ. ಒಂದೇ ಕಪಾಟನ್ನು ನೋಡಿ ಬಂದವರು ಅರ್ಧವನ್ನಷ್ಟೇ ನೋಡಿದಂತಾಯಿತು. ಪ್ರಸಂಗಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ: ತೆಳುವಾದ ಐದಾರು ಪ್ರಸಂಗಗಳನ್ನು ಒಂದೇ ರಟ್ಟಿನೊಳಗೆ ಹೊಲಿದಿಟ್ಟಲ್ಲಿ ಮೊದಲನೆಯದರ ಹೆಸರು ಮಾತ್ರ ಸೂಚಿಗೆ ಏರಿರುವ ಸಂಭವವುಂಟು.

ಯಾವ ಸೂಚಿಯಲ್ಲಿ ಹುಡುಕಬೇಕೆಂಬುದೂ ಮುಖ್ಯ ಪ್ರಶ್ನೆ. ಊರಿನ ಕಾಲೇಜಿನದು ಮೊದಲು. ಇಂದು ಅನೇಕ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ‘ಕೋಹಾ’ ಎಂಬ ತಂತ್ರಾಂಶ ೨೦೦೦ದಲ್ಲಿ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಬಳಕೆಗೆ ಬಂದಿತು. ಮಾವೊರಿ ಭಾಷೆಯಲ್ಲಿ ಆ ಮಾತಿಗೆ ಕಾಣಿಕೆ ಎಂದು ಅರ್ಥವಂತೆ. ಅದು ಹೆಸರಿಗೆ ತಕ್ಕಂತೆ ಉಚಿತವಾಗಿಯೇ ದೊರೆಯುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳ ಸಂಗ್ರಹಗಳನ್ನು ಒಂದೆಡೆ ಕೂಡಿಸಿದ ಸೂಚಿ ‘ಇಂಡ್‌ಕ್ಯಾಟ್’. ೧೯೫೪ರ ಕಾಯಿದೆಯಂತೆ ನಮ್ಮ ದೇಶದ ಪ್ರಕಾಶಕರು ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದರಾಸಿನ ಕನ್ನೆಮರಾ ಗ್ರಂಥಾಲಯವೇ ಮೊದಲಾದವಕ್ಕೂ ಕಳುಹಿಸಬೇಕು. ಎಲ್ಲರೂ ಕಳುಹಿಸಿದ್ದಾರೆಂದಲ್ಲ, ಆದರೂ ಊರಲ್ಲಿ ಕಾಣದ ಪುಸ್ತಕವನ್ನು ಅಲ್ಲಿ ನೋಡುವುದು ನ್ಯಾಯ. ಇನ್ನೂ ಹಳೆಯ ಪುಸ್ತಕವಾದರೆ, ಬ್ರಿಟಿಷ್ ಮ್ಯೂಸಿಯಮಿನಲ್ಲಿದ್ದ ಕನ್ನಡ, ಬಡಗ, ಕೊಡಗು ಪುಸ್ತಕಗಳಿಗೆ ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು ಸಿದ್ಧಪಡಿಸಿ ೧೯೧೦ರಲ್ಲಿ ಅಚ್ಚಾದ ಸೂಚಿಯನ್ನು ಮರೆಯಬಾರದು.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ ಅಮೆರಿಕದ್ದು. ಆ ದೇಶವು ನಮಗೆ ಗೋಧಿ ಮಾರಿ ಗಳಿಸಿದ ರೂಪಾಯಿಗಳ ಒಂದು ಪಾಲನ್ನು ೧೯೬೨ರಿಂದ ಭಾರತದಲ್ಲಿಯೇ ಪುಸ್ತಕ ಕೊಳ್ಳಲು ವೆಚ್ಚಮಾಡಿತು. ಪಿ.ಎಲ್. ೪೮೦ ಎಂದು ಹಿರಿಯರು ಪಡಿತರದ ಗೋಧಿಯೊಡನೆ ನೆನೆಸಿಕೊಳ್ಳುವ ಯೋಜನೆ ಅದೇ. ಹಾಗೆ ಕೊಂಡ ಭಾರತೀಯ ಭಾಷೆಗಳ ಪುಸ್ತಕಗಳು ಹಡಗೇರಿ ಹೋಗಿ ಅಲ್ಲಿನ ವಿಶ್ವವಿದ್ಯಾನಿಲಯಗಳ ಕಪಾಟು ಸೇರಿದುವು. ಕನ್ನಡ ಜಿಲ್ಲೆಯ ಸಣ್ಣ ಅಚ್ಚುಕೂಟದಲ್ಲಿ ಮುದ್ರಿತವಾಗಿ, ಊರಿನ ಮನೆಗಳಲ್ಲಿ ಗೆದ್ದಲಿಗೆ ತುತ್ತಾದ ಪುಸ್ತಕದ ಒಂದು ಪ್ರತಿ ಷಿಕಾಗೋದಲ್ಲಿಯೋ ವಾಷಿಂಗ್ಟನ್ನಿನಲ್ಲಿಯೋ ಬೆಚ್ಚಗೆ ಕುಳಿತಿರುವುದು ಅಸಂಭವವಲ್ಲ. ಅದನ್ನು ಕಂಡುಹಿಡಿಯುವುದಕ್ಕೆ ಕುಂದಾಪುರದ ಮನೆಯ ಜಗಲಿಯೇ ಸಾಕು. ‘ಎಚ್’ ಬಿಟ್ಟು ಬರೆಯಲು ತಿಳಿದಿರಬೇಕು, ಅಷ್ಟೆ. ಆ ಬಳಿಕ ಪುಟಗಳ ನಕಲನ್ನು ತರಿಸಿಕೊಳ್ಳುವ ಬಗೆಯನ್ನು ತಮ್ಮ ಕಾಲೇಜಿನ ಗ್ರಂಥಪಾಲಕರ ಮೂಲಕ ವಿಚಾರಿಸಬಹುದು.

ಅವರ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಯಾವ ಯಾವ ಕಾಗುಣಿತದಲ್ಲಿ, ಯಾವ ಯಾವ ಸೂಚಿಯಲ್ಲಿ ಹುಡುಕಿಯಾಯಿತೆಂಬ ಹಾಳೆಯನ್ನು ಒಯ್ದರೆ ಅವರ ಅರ್ಧ ಗಂಟೆ ಉಳಿಯುತ್ತದೆ. ಊರ ಹೆಸರೋ ಕರ್ತೃವಿನ ಹೆಸರೋ ತಪ್ಪಾಗಿ ನಮೂದಾಗಿರುವುದು ಕಂಡಿದ್ದರೆ ಅದನ್ನೂ ಹೇಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ. ತಿದ್ದುವುದು ಐದು ನಿಮಿಷದ ಕೆಲಸ. ಸರಿಯಾದ ಹೆಸರಿನ ಕೆಳಗೆ ಉಳಿದ ರೂಪಗಳನ್ನೂ ಸೇರಿಸಿ ‘ಇದನ್ನು ನೋಡಿ’ ಎಂಬ ಸಂಬಂಧವನ್ನು ಕಟ್ಟಿಬಿಟ್ಟರೆ, ಮುಂದೆ ಬರುವವರು ‘ಸಿ’ಯಿಂದ ಕೇಳಿದರೂ ‘ಕೆ’ಯಿಂದ ಕೇಳಿದರೂ ಅದೇ ಪುಸ್ತಕ ಸಿಗುತ್ತದೆ.